ಒಬ್ಬರೇ ಆಡುವ ಆಟಕ್ಕೂ ಸೋಲು ಬೇಕು

ಮಗಳೇ,

ನಿನ್ನೆ ಚಾಪೆಯ ಮೇಲೆ ನೀನು ಹರಡಿದ ಆಟ ಕಣ್ಣಿಗೆ ಕಟ್ಟಿದಂತಿದೆ. ಮಳೆ ಹಿಡಿಯುವ ಮೊದಲು ಬೆಳೆಯನ್ನು ಮನೆಗೆ ತರಬೇಕಾದ ರೈತ, ನೀನೇ ಬರೆದ ಕಾರ್ಡುಗಳು, ಒಂದು ದಾಳ. ಗೆಲ್ಲುವುದು ಹೇಗೆ ಎಂದು ಕೇಳಿದ್ದಕ್ಕೆ, "ಆದಷ್ಟು ಜಾಸ್ತಿ ಅಂಕ ಮಾಡಬೇಕು ಅಜ್ಜ" ಎಂಬ ಉತ್ತರ ಬಂತು. ಎಷ್ಟಾದರೆ ಸಾಕು ಎಂದಾಗ ನೀನು ಸುಮ್ಮನಾದೆ. ಅದಕ್ಕೇ ಈ ನಾಲ್ಕು ಮಾತು.

ನಮ್ಮ ಮನೆಯ ಗೋಲಿಹಲಗೆಯನ್ನೇ ನೋಡು. 33 ಕುಳಿ, 32 ಗೋಲಿ, ನಡುವಿನ ಕುಳಿ ಖಾಲಿ. ಪಕ್ಕದ ಗೋಲಿಯನ್ನು ಹಾರಿದರೆ ಅದು ಹೊರಗೆ. ಕೊನೆಗೆ ಒಂದೇ ಉಳಿಯಬೇಕು, ಅದೂ ನಡುಕುಳಿಯಲ್ಲಿ. ಚಿಕ್ಕವನಿದ್ದಾಗ ನನಗೆ ಎರಡು ಗೋಲಿ ಎದುರುಬದುರು ಅಂಚಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಸೋತೆ ಎಂದು ಯಾರೂ ಹೇಳಬೇಕಿರಲಿಲ್ಲ, ಹಲಗೆಯೇ ಹೇಳುತ್ತಿತ್ತು. ಒಂದೇ ಗೋಲಿ ಉಳಿಸುವುದು ಕೈಗೂಡಿದ ಮೇಲೆ ಅದನ್ನು ನಡುವೆ ನಿಲ್ಲಿಸುವ ಹಟ. ಅದೂ ಬಂದ ಮೇಲೆ ಕಡಿಮೆ ನಡೆಯಲ್ಲಿ ಮುಗಿಸುವ ಹಟ. ಒಂದೇ ಗೋಲಿ ಸಾಲಾಗಿ ಹಾರಿದ್ದನ್ನು ಒಂದು ನಡೆಯೆಂದು ಎಣಿಸಿ, ಅರ್ನೆಸ್ಟ್ ಬರ್ಗ್‌ಹೋಲ್ಟ್ 1912ರಲ್ಲಿ 18 ನಡೆಗೆ ಮುಗಿಸಿ ತೋರಿಸಿದ. ಫ್ರಾನ್ಸಿನ 1697ರ ಚಿತ್ರವೊಂದರಲ್ಲೇ ಇರುವ ಈ ಆಟ ಇಂದಿಗೂ ಹಳತಾಗದಿರುವುದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗುರಿಯಿಂದ.

ಸೋಲನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟು. ಮ್ಯಾಟ್ ಲೀಕಾಕ್ ರೂಪಿಸಿದ 'ಪ್ಯಾಂಡೆಮಿಕ್' 2008ರಲ್ಲಿ ಬಂತು. ಎಲ್ಲರೂ ಒಂದೇ ಪಕ್ಷವಾಗಿ ಆಡುವ ಆಟವಾದ್ದರಿಂದ ಒಬ್ಬರೇ ಎರಡು ಪಾತ್ರ ಹಿಡಿದೂ ಆಡುತ್ತಾರೆ. ಗೆಲ್ಲಲು ಅಲ್ಲಿ ಒಂದೇ ದಾರಿ: ನಾಲ್ಕು ರೋಗಕ್ಕೂ ಮದ್ದು ಕಂಡುಹಿಡಿಯಬೇಕು. ಸೋಲಲು ಮೂರು. ಅದರಲ್ಲೊಂದು, ಎಳೆಯಲು ಕಾರ್ಡು ಮುಗಿಯುವುದು. ಕಾರ್ಡಿನ ಕಟ್ಟು ಕರಗುವುದನ್ನು ನೋಡುತ್ತಲೇ ಎದೆ ಬಡಿದುಕೊಳ್ಳುತ್ತದೆ.

ನಿನ್ನ ಆಟದಲ್ಲೂ ಕಟ್ಟಿನೊಳಗೆ ನಾಲ್ಕು ಮಳೆಯ ಕಾರ್ಡು ಸೇರಿಸು. ನಾಲ್ಕನೆಯದು ಬೀಳುವುದರೊಳಗೆ ಹನ್ನೆರಡು ಮೂಟೆ ಕಣಜ ಸೇರಿದರೆ ಗೆಲುವು, ಇಲ್ಲವಾದರೆ ಸೋಲು. ಹನ್ನೆರಡೇ ಸರಿಯೆಂದು ನಾನು ಹೇಳಲಾರೆ. ಇಪ್ಪತ್ತು ಸಲ ಆಡಿ, ಪ್ರತಿ ಸಲದ ಫಲ ಬರೆದಿಡು. ಪ್ರತಿ ಸಲವೂ ಗೆದ್ದರೆ ಮೂಟೆ ಹೆಚ್ಚಿಸು. ಒಮ್ಮೆಯೂ ಗೆಲ್ಲದಿದ್ದರೆ ಇಳಿಸು. ಸೋತಾಗ, 'ಆ ಮೂರನೇ ಸರದಿಯಲ್ಲಿ ಎಡವಿದೆ' ಎಂದು ಬೆರಳಿಟ್ಟು ತೋರಿಸುವಂತಿರಲಿ. ದಾಳವೊಂದೇ ಸೋಲಿಸಿದರೆ ಮತ್ತೆ ಆಡುವ ಮನಸ್ಸು ಬರುವುದಿಲ್ಲ.

ಒಬ್ಬರೇ ಆಡುವಾಗ ತಪ್ಪು ಹಿಡಿಯಲು ಎದುರಿಗೆ ಯಾರೂ ಇರುವುದಿಲ್ಲ. ಗುರಿ ಮಸುಕಾಗಿದ್ದರೆ ಆಡುವವರು ತಮ್ಮನ್ನು ತಾವೇ ಕ್ಷಮಿಸಿಕೊಂಡು ಎದ್ದುಹೋಗುತ್ತಾರೆ. ಆದ್ದರಿಂದ ಮೊದಲ ಕಾರ್ಡಿನ ಮೇಲೆ ಎರಡೇ ಸಾಲು ಬರೆ: ಯಾವಾಗ ಗೆದ್ದೆ, ಯಾವಾಗ ಸೋತೆ. ಬರೆದು ಭಾನುವಾರ ತಾ. ಮೊದಲು ಸೋಲುವವನು ನಾನೇ ಆಗುತ್ತೇನೆ.