ಇನ್ನೊಂದು ಪೆನ್ನಿಯೂ ಇಲ್ಲ

ಹಕ್ಕಿಯ ಹಿಕ್ಕೆ ಒಣಗಿ ಗಟ್ಟಿಯಾದರೆ ಉಗುರಿನಿಂದ ಕೆರೆದರೂ ಏಳುವುದಿಲ್ಲ. ಬಿಸಿನೀರು ಹೊಯ್ದು, ಒಂದೆರಡು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಬ್ರಷ್ ಹಾಕಿ ಉಜ್ಜಬೇಕು. ಇಷ್ಟು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿನ ಬ್ಲೂಮ್‌ಫೀಲ್ಡ್ ರೋಡ್ ಕ್ರೀಡಾಂಗಣದಲ್ಲಿ ಬಕೆಟ್ ಹಿಡಿದು ನಿಂತಿದ್ದ ನನಗೆ ಪಕ್ಕದ ಮನೆಯ ಅಜ್ಜ ಮೂರು ಸಲ ಹೇಳಿಕೊಟ್ಟರು. ಅವರಿಗೆ ಆಗ ಎಪ್ಪತ್ತೊಂಬತ್ತು. ಮಂಡಿ ಬಗ್ಗುತ್ತಿರಲಿಲ್ಲ. ಹಾಗಾಗಿ ಕೂತಲ್ಲಿಂದಲೇ ಉಸ್ತುವಾರಿ: "ಆ ಮೂಲೆಗೆ ಇನ್ನೊಂಚೂರು, ಲವ್." ಲಂಕಾಶೈರಿನ ಹಿರಿಯರು ಹಾಲಿನವನಿಂದ ಹಿಡಿದು ಡಾಕ್ಟರಮ್ಮನವರೆಗೆ ಎಲ್ಲರನ್ನೂ ಕರೆಯುವುದು ಹಾಗೆಯೇ.

ಅಲ್ಲಿ ನನ್ನಂಥವರು ಬಹಳ ಮಂದಿ ಸೇರಿದ್ದರು. ಯಾರಿಗೂ ಸಂಬಳವಿಲ್ಲ. ಮನೆಯಿಂದಲೇ ಬಕೆಟ್, ಮನೆಯಿಂದಲೇ ಬಟ್ಟೆ. ಕಿತ್ತಳೆ ಬಣ್ಣದ ಕುರ್ಚಿಗಳ ಮೇಲೆ ಪಾಚಿ, ಹಿಕ್ಕೆ, ಕಡಲ ಗಾಳಿ ತಂದ ಉಪ್ಪು. ಹತ್ತಿರ ಹತ್ತಿರ ನಾಲ್ಕು ವರ್ಷ ಅಲ್ಲಿ ಹೆಚ್ಚು ಜನ ಕೂತಿರಲಿಲ್ಲ. ಕಡಲಹಕ್ಕಿಗಳು ಮಾತ್ರ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ.

ನಾನು ಕುಂದಾಪುರದ ಕಡೆಯವಳು. ಕೆಲಸದ ಮೇಲೆ ಈ ಊರಿಗೆ ಬಂದಾಗ ನನಗೆ ಫುಟ್‌ಬಾಲ್ ಅಂದರೆ ಹನ್ನೊಂದು ಜನ ಒಂದು ಚೆಂಡಿನ ಹಿಂದೆ ಓಡುವುದು, ಅಷ್ಟೆ. ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವಳಿಗೆ ತೊಂಬತ್ತು ನಿಮಿಷದಲ್ಲಿ ಮುಗಿದುಹೋಗುವ ಆಟ ಆಟವೇ ಅನಿಸಿರಲಿಲ್ಲ. ಆದರೆ ಊರು ಹಿಡಿಸಿತು. ಕಡಲು, ಕಡಲಿಗೆ ಚಾಚಿದ ಮೂರು ಕಟ್ಟೆಗಳು, 1894ರ ಗೋಪುರ, ಶರತ್ಕಾಲದಲ್ಲಿ ಮೈಲಿಗಟ್ಟಲೆ ಹಚ್ಚುವ ದೀಪಗಳು. ನಮ್ಮ ಜಾತ್ರೆಯನ್ನು ಯಾರೋ ಸುತ್ತಿಡುವುದನ್ನೇ ಮರೆತುಬಿಟ್ಟ ಹಾಗೆ.

ಫುಟ್‌ಬಾಲಿಗೆ ನನ್ನನ್ನು ಎಳೆದವರು ಆ ಅಜ್ಜ. 1953ರಲ್ಲಿ ಬ್ಲ್ಯಾಕ್‌ಪೂಲ್ ತಂಡ ಬೋಲ್ಟನ್ ಎದುರು 1-3ರಿಂದ ಹಿಂದೆ ಬಿದ್ದು, ಕೊನೆಗೆ 4-3ರಲ್ಲಿ ಎಫ್ಎ ಕಪ್ ಗೆದ್ದಾಗ ಅವರಿಗೆ ಹದಿಮೂರು ವರ್ಷ. ಮೂರು ಗೋಲು ಹೊಡೆದವರು ಸ್ಟಾನ್ ಮಾರ್ಟೆನ್ಸನ್. ಊರು ನೆನೆಯುವುದು ಮಾತ್ರ ಬಲಬದಿಯಿಂದ ಚೆಂಡು ತಂದುಕೊಟ್ಟ ಸ್ಟಾನ್ಲಿ ಮ್ಯಾಥ್ಯೂಸ್ ಅವರನ್ನು. ಈ ಅನ್ಯಾಯದ ಬಗ್ಗೆ ಅಜ್ಜ ನನಗೆ ನೂರು ಸಲವಾದರೂ ದೂರಿದ್ದಾರೆ.

2010ರ ಮೇ 22ರಂದು ವೆಂಬ್ಲಿಯಲ್ಲಿ ಬ್ಲ್ಯಾಕ್‌ಪೂಲ್ ಕಾರ್ಡಿಫ್ ತಂಡವನ್ನು 3-2ರಿಂದ ಸೋಲಿಸಿ ಪ್ರೀಮಿಯರ್ ಲೀಗಿಗೆ ಏರಿತು. ಅಜ್ಜ ವೆಂಬ್ಲಿಗೆ ಹೋಗಿದ್ದರು. ನಾನು ಡ್ಯೂಟಿಯಲ್ಲಿದ್ದೆ. ವಾರ್ಡಿನ ಟಿವಿ ಮುಂದೆ ಡ್ರಿಪ್ಪಿನ ಕಂಬ ತಳ್ಳಿಕೊಂಡು ಬಂದು ಕೂತವರನ್ನು ಹಾಸಿಗೆಗೆ ಮರಳಿಸುವುದು ಆ ದಿನ ನನ್ನಿಂದಾಗಲಿಲ್ಲ. ಆ ವರ್ಷ ಲಿವರ್‌ಪೂಲನ್ನು ಎರಡು ಸಲ ಸೋಲಿಸಿದೆವು. "ಸೋಲಿಸಿದೆವು" ಎಂಬ ಮಾತು ನನ್ನ ಬಾಯಲ್ಲಿ ಯಾವಾಗ ಹುಟ್ಟಿತೋ ತಿಳಿಯದು. ಆರು ವರ್ಷದ ಮಗ ಕಿತ್ತಳೆ ಅಂಗಿಯಲ್ಲೇ ಮಲಗುತ್ತಿದ್ದ. ಸೀಸನ್ನಿನ ಕೊನೆಯ ದಿನ ಓಲ್ಡ್ ಟ್ರಾಫರ್ಡ್‌ನಲ್ಲಿ 4-2ರಿಂದ ಸೋತು ಕೆಳಗಿಳಿದಾಗಲೂ ಊರು ಅಳಲಿಲ್ಲ. ಮೆರೆದಿದ್ದೇವೆ, ಇನ್ನು ಮನೆಗೆ ಹೋಗೋಣ ಅಂದಿತು.

ಮೊದಲ ಪಾಠ ಕಲಿತದ್ದು ಇಲ್ಲಿ. ಸೋತದ್ದಕ್ಕೆ ಅಭಿಮಾನಿಯ ನಂಬಿಕೆ ಹೋಗುವುದಿಲ್ಲ. ಅಜ್ಜ ಈ ತಂಡವನ್ನು ನಾಲ್ಕನೆಯ ಡಿವಿಜನ್ನಿನ ಕೆಸರಲ್ಲೂ ಕಂಡವರು. ಅವರ ಮನಸ್ಸು ಮುರಿದದ್ದು ಲೆಕ್ಕಪತ್ರ ಬಂದಾಗ.

ವೆಂಬ್ಲಿಯ ಆ ಗೆಲುವು 9 ಕೋಟಿ ಪೌಂಡ್ ಬಾಳುತ್ತದೆ ಎಂದು ಪತ್ರಿಕೆಗಳು ಬರೆದಿದ್ದವು. ಹಣ ಬಂತು. ಆದರೆ ವಿಮಾನ ನಿಲ್ದಾಣದ ಪಕ್ಕ ಸ್ಕ್ವೈರ್ಸ್ ಗೇಟಿನಲ್ಲಿದ್ದ ಅಭ್ಯಾಸದ ಮೈದಾನ ಮೊದಲಿನಷ್ಟೇ ಹಾಳುಬಿದ್ದಿತ್ತು. ಆ ಸೀಸನ್ನಿನ ಲೆಕ್ಕದಲ್ಲಿ ಮಾಲೀಕ ಓವನ್ ಓಯ್ಸ್ಟನ್ ಅವರ ಕಂಪನಿಗೆ 1 ಕೋಟಿ 10 ಲಕ್ಷ ಪೌಂಡ್ ಸಂದಿತ್ತು. 1980ರ ದಶಕದ ಕೊನೆಯಿಂದ ಕ್ಲಬ್ ಆ ಕುಟುಂಬದ ಕೈಯಲ್ಲಿತ್ತು. ಹಳೆಯ ಕ್ರೀಡಾಂಗಣ ಹೊಸದಾಗಿ ಎದ್ದದ್ದೂ ಅವರ ಕಾಲದಲ್ಲೇ ಎಂಬುದನ್ನು ಅಜ್ಜ ಎಂದೂ ಮರೆಮಾಚಲಿಲ್ಲ. "ಕೊಟ್ಟದ್ದು ನಿಜ. ಆದರೆ ಕೊಟ್ಟವರು ಲೆಕ್ಕ ಕೇಳಬಾರದು ಅನ್ನಬಹುದೇ?" ಎನ್ನುತ್ತಿದ್ದರು.

2014ರ ಬೇಸಿಗೆಯಲ್ಲಿ, ಸೀಸನ್ ಹತ್ತಿರ ಬಂದರೂ ತಂಡದಲ್ಲಿ ಕರಾರಿಗೆ ಸಹಿ ಹಾಕಿದ್ದವರು ಎಂಟೇ ಆಟಗಾರರು. ಗೋಲ್‌ಕೀಪರ್ ಒಬ್ಬನೂ ಇಲ್ಲ. ಆ ವರ್ಷ ಪ್ರೇಕ್ಷಕರು ಮೈದಾನಕ್ಕೆ ಟೆನಿಸ್ ಚೆಂಡು, ಕಿತ್ತಳೆ ಹಣ್ಣು ಎಸೆದರು. ಅಧ್ಯಕ್ಷರಾಗಿದ್ದ ಮಗ ಕಾರ್ಲ್ ಓಯ್ಸ್ಟನ್ ಅಭಿಮಾನಿಯೊಬ್ಬರಿಗೆ ಕಳಿಸಿದ ಮೆಸೇಜುಗಳಿಗಾಗಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್ಎ ಅವರಿಗೆ ಆರು ವಾರದ ನಿಷೇಧ ಹಾಕಿತು. ಮಾನನಷ್ಟದ ಹೆಸರಲ್ಲಿ ಅಭಿಮಾನಿಗಳ ಮೇಲೆ ಕೇಸುಗಳೂ ಬಿದ್ದವು. 2015ರ ಮೇ 2ರಂದು ಹಡರ್ಸ್‌ಫೀಲ್ಡ್ ಎದುರಿನ ಪಂದ್ಯದ ನಡುವೆ ಜನ ಮೈದಾನಕ್ಕಿಳಿದು ನಟ್ಟನಡುವಿನ ವೃತ್ತದಲ್ಲಿ ಕೂತುಬಿಟ್ಟರು. ಪಂದ್ಯ ಅಲ್ಲಿಗೇ ನಿಂತಿತು. ಆ ಸೀಸನ್ನಿಗೆ 26 ಪಾಯಿಂಟಿನೊಂದಿಗೆ ತಂಡ ಕಟ್ಟಕಡೆಯ ಸ್ಥಾನದಲ್ಲಿತ್ತು.

ಅಜ್ಜನ ಮನೆಯಲ್ಲಿ ಗಡಿಯಾರದ ಹಿಂದೆ ಒಂದು ಲಕೋಟೆ ಇರುತ್ತಿತ್ತು: ಸೀಸನ್ ಟಿಕೆಟ್ ನವೀಕರಣದ ಪತ್ರ. ಪ್ರತಿ ವರ್ಷ ಬಂದ ವಾರದಲ್ಲೇ ತುಂಬಿ ಕಳಿಸುವವರು. ಆ ವರ್ಷ ಲಕೋಟೆ ಏಪ್ರಿಲ್ ಕಳೆಯಿತು, ಮೇ ಕಳೆಯಿತು, ಜುಲೈಯಲ್ಲೂ ಅಲ್ಲೇ ಇತ್ತು. ಒಡೆದಿರಲೂ ಇಲ್ಲ, ಎಸೆದಿರಲೂ ಇಲ್ಲ. ನಂಬಿಕೆ ಒಂದೇ ದಿನ ಬಾಗಿಲು ಬಡಿದು ಎದ್ದುಹೋಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ಲಕೋಟೆಯಿಂದ. ಬೇಸಿಗೆ ಮುಗಿಯುವ ಹೊತ್ತಿಗೆ ಊರಿನ ಘೋಷಣೆ ಒಂದೇ ಆಗಿತ್ತು: ಇನ್ನೊಂದು ಪೆನ್ನಿಯೂ ಇಲ್ಲ. ಟಿಕೆಟ್ ಕೊಳ್ಳುವುದಿಲ್ಲ, ಅಂಗಿ ಕೊಳ್ಳುವುದಿಲ್ಲ, ಒಳಗೆ ಮಾರುವ ಪೈ ಕೂಡ ತಿನ್ನುವುದಿಲ್ಲ. ಕೆಲವರು ಹೊರಊರಿನ ಪಂದ್ಯಗಳಿಗೆ ಮಾತ್ರ ಹೋಗುತ್ತಿದ್ದರು. ಲೀಗ್ ಪಂದ್ಯದ ಟಿಕೆಟ್ ಹಣ ಆ ಊರಿನ ಕ್ಲಬ್ಬಿಗೆ ಸೇರುತ್ತದೆ, ತಮ್ಮ ಮಾಲೀಕರಿಗಲ್ಲ ಎಂಬ ಲೆಕ್ಕ.

ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ ಅಚ್ಚರಿಪಡಲಿಲ್ಲ. "ಮೊಕ್ತೇಸ್ರ ಸಮ ಇಲ್ದಿರೆ ದೇವ್ರ್ ಎಂತ ಮಾಡ್ತ್ರ್ ಹೆಣೆ?" ಅಂದಳು. ನಮ್ಮೂರ ಕಡೆಯ ಒಂದು ದೇವಸ್ಥಾನದಲ್ಲಿ ಲೆಕ್ಕ ತೋರಿಸದ ಮೊಕ್ತೇಸರರೊಬ್ಬರಿದ್ದ ಕಾಲದಲ್ಲಿ ಅಪ್ಪ ಕಾಣಿಕೆ ಡಬ್ಬಿಗೆ ಕಾಸು ಹಾಕುವುದನ್ನು ಬಿಟ್ಟಿದ್ದರು. ಅಕ್ಕಿ, ತೆಂಗಿನಕಾಯಿ ಭಟ್ಟರ ಕೈಗೇ. ದೇವರನ್ನು ಬಿಟ್ಟಿರಲಿಲ್ಲ, ಡಬ್ಬಿಯನ್ನು ಬಿಟ್ಟಿದ್ದರು. ಬ್ಲ್ಯಾಕ್‌ಪೂಲಿನವರು ಮಾಡಿದ್ದೂ ಅದನ್ನೇ.

ಇಷ್ಟು ತಿಳಿದೂ ನಾನೊಂದು ತಪ್ಪು ಮಾಡಿದೆ. 2015ರ ಚಳಿಗಾಲದ ಆರಂಭದಲ್ಲಿ ಮಗನಿಗೆ ಹನ್ನೊಂದು ತುಂಬಿತು. ಹುಟ್ಟುಹಬ್ಬಕ್ಕೆ ಮ್ಯಾಚ್ ನೋಡಬೇಕೆಂದ. ಎರಡು ಟಿಕೆಟ್ ತೆಗೆದೆ. ಶನಿವಾರ ಮೂರು ಗಂಟೆಗೆ ಸ್ವಲ್ಪ ಮುಂಚೆ ಹೋದರೆ, ರಸ್ತೆಯ ಆಚೆ ಬದಿ ಕರಪತ್ರ ಹಿಡಿದವರ ನಡುವೆ ಫ್ಲಾಸ್ಕ್ ಹಿಡಿದು ಅಜ್ಜ ನಿಂತಿದ್ದಾರೆ. ನನ್ನ ಕೈಯಲ್ಲಿ ಟಿಕೆಟ್. ಮರೆಮಾಡಲು ಜಾಗವಿಲ್ಲ. ಅವರು ರಸ್ತೆ ದಾಟಿ ಬಂದರು, ಮಗನ ತಲೆ ಸವರಿ "ಹ್ಯಾಪಿ ಬರ್ತ್‌ಡೇ" ಅಂದರು, ಮರಳಿ ಹೋಗಿ ಮೊದಲಿನ ಜಾಗದಲ್ಲೇ ನಿಂತರು.

ಒಳಗೆ ಎಷ್ಟು ಖಾಲಿ ಇತ್ತೆಂದರೆ ಆಟಗಾರರು ಒಬ್ಬರನ್ನೊಬ್ಬರು ಕೂಗುವುದು ಕೇಳುತ್ತಿತ್ತು. ಚೆಂಡಿಗೆ ಕಾಲು ತಾಗಿದ ಸದ್ದು ಎದುರಿನ ಗೋಡೆಗೆ ಬಡಿದು ಮರಳಿ ಬರುತ್ತಿತ್ತು. "ಎಲ್ಲರೂ ಎಲ್ಲಿಗೆ ಹೋಗಿದ್ದಾರಮ್ಮ?" ಎಂದ ಮಗ. ರಸ್ತೆಯ ಆಚೆ ಬದಿಗೆ ಅನ್ನಲು ನನ್ನಿಂದಾಗಲಿಲ್ಲ.

ಸಂಜೆ ಕೇಕಿನ ತುಂಡು ಹಿಡಿದು ಅಜ್ಜನ ಮನೆಗೆ ಹೋದೆ, ಕ್ಷಮೆ ಕೇಳುವ ಅಂದಾಜಿನಲ್ಲಿ. ಅವರು ಕೇಳಗೊಡಲಿಲ್ಲ. "ಯಾರನ್ನೂ ತಡೆಯಲಿಕ್ಕಲ್ಲ ಲವ್ ನಾನು ಅಲ್ಲಿ ನಿಲ್ಲುವುದು. ಅರವತ್ತು ವರ್ಷ ಆಯ್ತು. ಶನಿವಾರ ಮೂರು ಗಂಟೆಗೆ ಬೇರೆ ಎಲ್ಲಿ ನಿಲ್ಲಬೇಕು ಅಂತ ನನಗೆ ಗೊತ್ತಾಗುವುದಿಲ್ಲ."

ಬಹಿಷ್ಕಾರ ಅಂದರೆ ಕೋಪ ಅಂದುಕೊಂಡಿದ್ದೆ. ಅದು ಸೂತಕ ಎಂದು ಅವತ್ತು ತಿಳಿಯಿತು. ಒಳಗೆ ಹೋದವರನ್ನು ದ್ರೋಹಿ ಅನ್ನುವುದು, ಹೊರಗೆ ನಿಂತವರನ್ನು ನಿಷ್ಠೆ ಇಲ್ಲದವರು ಅನ್ನುವುದು ಎರಡೂ ಆ ಊರಲ್ಲಿ ನಡೆಯಿತು. ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಅಜ್ಜ ಮಾತ್ರ ಯಾರಿಗೂ ಏನೂ ಅನ್ನಲಿಲ್ಲ. 2017ರ ಮೇ ತಿಂಗಳಲ್ಲಿ ತಂಡ ಮತ್ತೆ ವೆಂಬ್ಲಿಗೆ ಹೋಗಿ ಎಕ್ಸೆಟರ್ ಎದುರು 2-1ರಿಂದ ಗೆದ್ದಿತು. ಅಜ್ಜ ಹೋಗಲಿಲ್ಲ. ರೇಡಿಯೊ ಕಿಟಕಿಯಲ್ಲಿಟ್ಟು ಬೇಲಿ ಕತ್ತರಿಸುತ್ತಿದ್ದರು. ಗೋಲು ಬಿದ್ದಾಗ ಕತ್ತರಿಯ ಸದ್ದು ಜೋರಾಯಿತು. ಸಂಜೆ ನೋಡಿದರೆ ಬೇಲಿ ಮೊಣಕಾಲಿನಷ್ಟೇ ಉಳಿದಿತ್ತು.

ಕೊನೆಗೆ ಮಾಲೀಕರನ್ನು ಇಳಿಸಿದ್ದು ಯಾವುದು? ಘೋಷಣೆಯೊಂದೇ ಅಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಕ್ಲಬ್ಬಿನಲ್ಲಿ ಪಾಲು ಹೊಂದಿದ್ದ ಲಾಟ್ವಿಯಾದ ಉದ್ಯಮಿ ವಲೇರಿ ಬೆಲೊಕೊನ್ ಕೋರ್ಟಿಗೆ ಹೋಗಿದ್ದರು. 2017ರ ನವೆಂಬರಿನಲ್ಲಿ ಲಂಡನ್ನಿನ ಹೈಕೋರ್ಟ್, ಕ್ಲಬ್ಬಿನ ಹಣವನ್ನು ಅಕ್ರಮವಾಗಿ ಬರಿದು ಮಾಡಲಾಗಿದೆ ಎಂದು ಹೇಳಿ, ಅವರಿಗೆ 3 ಕೋಟಿ 10 ಲಕ್ಷ ಪೌಂಡಿಗೂ ಹೆಚ್ಚು ಕೊಡಬೇಕೆಂದು ತೀರ್ಪಿತ್ತಿತು. ಆ ಹಣ ಪೂರ್ತಿ ಸಂದಾಯವಾಗಲಿಲ್ಲ. 2019ರ ಫೆಬ್ರವರಿಯಲ್ಲಿ ಕೋರ್ಟ್ ಆಸ್ತಿ ವಹಿಸಿಕೊಳ್ಳಲು ರಿಸೀವರ್ ನೇಮಿಸಿತು. ಮಾಲೀಕರು ಆಡಳಿತ ಮಂಡಳಿಯಿಂದ ಹೊರಬಿದ್ದರು. ವರ್ಷಗಟ್ಟಲೆ ಮಳೆಯಲ್ಲಿ ನಿಂತವರು ಮಾಡಲಾಗದ್ದನ್ನು ಒಂದು ಕಾಗದ ಮಾಡಿತು. ಆದರೆ ಮಳೆಯಲ್ಲಿ ನಿಂತವರಿಲ್ಲದೆ ಹೋಗಿದ್ದರೆ, ಕಾಗದ ಬಂದ ದಿನ ಮರಳಿ ಬರಲು ಯಾರು ಉಳಿದಿರುತ್ತಿದ್ದರು?

ಹೀಗೆ ಆ ಬಕೆಟ್. ಮಾರ್ಚ್ 9ರಂದು ಸೌತೆಂಡ್ ಎದುರಿನ ಪಂದ್ಯಕ್ಕೆ 15,871 ಜನ ಬಂದರು. ಅಜ್ಜನಿಗೆ ಅವರ ಹಳೆಯ ಸಾಲೇ ಸಿಕ್ಕಿತು. ಅವರ ಪಕ್ಕ ನಾನು, ನನ್ನ ಪಕ್ಕ ನಾನೇ ಉಜ್ಜಿದ ಕುರ್ಚಿಯಲ್ಲಿ ಮಗ. ಪಂದ್ಯ 2-2ರಲ್ಲಿ ಮುಗಿಯಿತು. ಸುತ್ತ ಗಂಡಸರು ಮಕ್ಕಳ ಹಾಗೆ ಅಳುತ್ತಿದ್ದರು. ಹದಿನಾಲ್ಕು ವರ್ಷದ ಮಗ ಮೊಬೈಲಿನಲ್ಲಿ ಬೇರೆ ಪಂದ್ಯದ ಸ್ಕೋರು ನೋಡುತ್ತಿದ್ದ. ಹತ್ತರಿಂದ ಹದಿನಾಲ್ಕರವರೆಗೆ, ಅಭಿಮಾನ ಬೇರುಬಿಡುವ ವಯಸ್ಸಿನಲ್ಲಿ, ನಾವು ಅವನನ್ನು ಮನೆಯಲ್ಲಿ ಕೂರಿಸಿದ್ದೆವು. ಅಷ್ಟರಲ್ಲಿ ಟಿವಿ ಅವನನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಒಯ್ದಿತ್ತು. ಬಹಿಷ್ಕಾರದ ಖರ್ಚಿನಲ್ಲಿ ಇದನ್ನೂ ಬರೆದುಕೊಳ್ಳಬೇಕು. ಮಾಲೀಕರಿಗೆ ಟಿಕೆಟ್ ಹಣ ತಪ್ಪಿತು, ನಮಗೆ ಒಂದು ತಲೆಮಾರು. ಅಜ್ಜ ಅವನ ಮೊಬೈಲ್ ನೋಡಿದರು. ತಮ್ಮ ಪೈ ಎರಡು ಮಾಡಿ ಅರ್ಧ ಅವನ ಕೈಗಿತ್ತರು. ನಾಲ್ಕು ವರ್ಷದಲ್ಲಿ ಅವರು ಆ ಅಂಗಡಿಯಲ್ಲಿ ಕೊಂಡ ಮೊದಲ ಪೈ.

ಅದೇ ಜೂನಿನಲ್ಲಿ ಇದೇ ಊರಲ್ಲಿ ಹುಟ್ಟಿದ, ಹಾಂಗ್‌ಕಾಂಗಿನಲ್ಲಿ ವ್ಯವಹಾರ ಮಾಡುತ್ತಿದ್ದ ಸೈಮನ್ ಸ್ಯಾಡ್ಲರ್ ಕ್ಲಬ್ ಕೊಂಡರು. ಬಾಲ್ಯದಿಂದಲೂ ಇದೇ ತಂಡದ ಅಭಿಮಾನಿ. ಊರು ಹರ್ಷಪಟ್ಟಿತು, ನಾನೂ. ಆದರೂ ಅಭಿಮಾನಿಗಳ ಸಂಘದ ಸದಸ್ಯತ್ವವನ್ನು ನಾನು ಬಿಟ್ಟಿಲ್ಲ. ಒಳ್ಳೆಯ ಮೊಕ್ತೇಸರ ಸಿಕ್ಕಿದ ಎಂದು ಲೆಕ್ಕ ಓದುವುದನ್ನು ಬಿಡುವ ಹಾಗಿಲ್ಲ. ನಮ್ಮಿಂದ ದೂರವಿಲ್ಲದ ಬೆರಿ (Bury) ಎಂಬ ಊರಿನ ಕ್ಲಬ್ಬನ್ನು 2019ರ ಆಗಸ್ಟಿನಲ್ಲಿ ಲೀಗಿನಿಂದಲೇ ಹೊರಹಾಕಲಾಯಿತು. ಅಲ್ಲಿ ಬಕೆಟ್ ಹಿಡಿದು ಬಂದು ಉಜ್ಜಿದವರಿಗೆ ನೋಡಲು ಪಂದ್ಯವೇ ಉಳಿಯಲಿಲ್ಲ. ಜರ್ಮನಿಯಲ್ಲಿ ಹೆಚ್ಚಿನ ಕ್ಲಬ್ಬುಗಳ ಬಹುಮತದ ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ ಫುಟ್‌ಬಾಲಿಗೊಂದು ಸ್ವತಂತ್ರ ನಿಯಂತ್ರಕ ಸಂಸ್ಥೆ ಬೇಕೆಂಬ ಕಾಯ್ದೆ ಬರಲು 2025ರವರೆಗೆ ಕಾಯಬೇಕಾಯಿತು.

ಮಗ ಈಗ ಕೆಲಸದ ಮೇಲೆ ಮ್ಯಾಂಚೆಸ್ಟರಿನಲ್ಲಿದ್ದಾನೆ. ಅಲ್ಲಿಯೂ ಕತೆ ಬೇರೆಯಲ್ಲ. ಗ್ಲೇಜರ್ ಕುಟುಂಬ 2005ರಲ್ಲಿ ಸಾಲ ಮಾಡಿ ಕ್ಲಬ್ ಕೊಂಡು, ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. 2010ರಿಂದ ಅಭಿಮಾನಿಗಳು ಪ್ರತಿಭಟನೆಗೆ ಹಸಿರು-ಬಂಗಾರದ ಶಾಲು ಹೊದೆಯುತ್ತಾರೆ. ಮಗನ ಕೊರಳಲ್ಲೂ ಈಗ ಅದೇ ಶಾಲು. ಮೊನ್ನೆ ಫೋನ್ ಮಾಡಿದ್ದ. "ಅಮ್ಮಾ, ಸೀಸನ್ ಟಿಕೆಟ್ ನವೀಕರಣದ ಮೇಲ್ ಬಂದು ಮೂರು ವಾರ ಆಯ್ತು. ತೆರೆದೂ ಇಲ್ಲ, ಡಿಲೀಟೂ ಮಾಡಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ?"

ಗಡಿಯಾರದ ಹಿಂದಿನ ಲಕೋಟೆ ಕಣ್ಣ ಮುಂದೆ ಬಂತು. ಹೋಗು ಅನ್ನಲಿಲ್ಲ, ಬಿಡು ಅನ್ನಲೂ ಇಲ್ಲ.

"ಏನು ಬೇಕಾದರೂ ಮಾಡು ಮಗಾ," ಅಂದೆ. "ಮನೆಯಲ್ಲೊಂದು ಬಕೆಟ್ ಇಟ್ಟುಕೊಂಡಿರು."