ಮೊದಲ ಬೈಕಿಗೆ ಎಷ್ಟು ಸಿಸಿ? ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹೊಸ ಸವಾರರಿಗೆ

ಭತ್ತ ಮಾರಿದ ದುಡ್ಡು ಕೈಗೆ ಬಂದ ಮೇಲೆ ಸಿಂಧನೂರಿನ ಶೋರೂಂಗೆ ಬರುವ ಹುಡುಗ ಕೇಳುವುದು ‘ಎಷ್ಟು ಸಿಸಿ?’ ಜೊತೆಗೆ ಬಂದ ಅಪ್ಪ ಕೇಳುವುದು ‘ಎಷ್ಟ್ ಕೊಡ್ತದ?’ ಎರಡಕ್ಕೂ ಉತ್ತರ ನೀವು ದಿನಾ ಓಡಾಡುವ ದಾರಿಯಲ್ಲೇ ಇದೆ. ಹಾಗಾಗಿ ಶೋರೂಂಗೆ ಹೋಗುವ ಮುಂಚೆ ಒಂದು ಹಾಳೆ ತಗೊಳ್ಳಿ.

ಹಂತ 1: ದಾರಿ, ಹೊರೆ ಬರೆಯಿರಿ
ವಾರದಲ್ಲಿ ಎಲ್ಲೆಲ್ಲಿ ಹೋಗುತ್ತೀರಿ, ಹಿಂದೆ ಯಾರು ಕೂಡುತ್ತಾರೆ, ಏನು ಹೇರುತ್ತೀರಿ ಎಂದು ಬರೆಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಗದ್ದೆಗೆ ಹೋಗಿಬರುವವರ ಅಗತ್ಯ ಒಂದು. ಲಿಂಗಸುಗೂರಿನಿಂದ ಹಟ್ಟಿ ಚಿನ್ನದ ಗಣಿಗೆ ಪಾಳಿ ಕೆಲಸಕ್ಕೆ ಹೋಗುವವರ ಅಗತ್ಯ ಇನ್ನೊಂದು. ಸಿಂಧನೂರು–ಮಸ್ಕಿ–ಲಿಂಗಸುಗೂರು ಹೆದ್ದಾರಿಯಲ್ಲಿ ಇಬ್ಬರು ಕೂತು ಓಡಾಡುವವರದು ಬೇರೆಯೇ.

ಹಂತ 2: ಸಿಸಿ ಅಂದರೆ ಏನೆಂದು ತಿಳಿಯಿರಿ
ಎಂಜಿನ್ನಿನೊಳಗೆ ಪಿಸ್ಟನ್ ಒಮ್ಮೆ ಮೇಲೆ ಕೆಳಗೆ ಸರಿಯುವ ಜಾಗದ ಅಳತೆಯೇ ಸಿಸಿ. ಜಾಗ ಹೆಚ್ಚಿದ್ದಷ್ಟೂ ಗಾಳಿ, ಪೆಟ್ರೋಲ್ ಹೆಚ್ಚು ಹೋಗುತ್ತದೆ, ಎಳೆಯುವ ಶಕ್ತಿ ಬರುತ್ತದೆ. ಅದರ ಹಿಂದೆಯೇ ಗಾಡಿಯ ತೂಕ, ಬಿಸಿ, ಖರ್ಚೂ ಏರುತ್ತವೆ.

ಹಂತ 3: ಗುಂಪು ಆರಿಸಿ
ಹೊಲ, ಊರು, ಸಂತೆ ಇಷ್ಟೇ ಆದರೆ 100 ಸಿಸಿ ಸಾಕು. ಸ್ಪ್ಲೆಂಡರ್ ಪ್ಲಸ್ 97.2 ಸಿಸಿಯದು, ಸುಮಾರು 8 ಪಿಎಸ್ ಶಕ್ತಿ, 112 ಕೆಜಿ ತೂಕ. ಈ ತೂಕವನ್ನು ಲಘುವಾಗಿ ಎಣಿಸಬೇಡಿ. ಮಳೆ ಬಿದ್ದ ದಿನ ಎರಿ ಹೊಲದ ದಾರಿಯಲ್ಲಿ ಜಿಗುಟು ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿ ಗಾಲಿಯೇ ತಿರುಗದಂತೆ ಮಾಡುತ್ತದೆ. ಇಳಿದು, ಕಡ್ಡಿಯಿಂದ ಮಣ್ಣು ಕೆದರಿ, ಗಾಡಿ ತಳ್ಳಬೇಕು. ಅಲ್ಲಿ ಪಿಎಸ್ ಕೆಲಸಕ್ಕೆ ಬರುವುದಿಲ್ಲ, ಗಾಡಿ ಹಗುರವಾಗಿದ್ದರೆ ಬದುಕಿಕೊಳ್ಳುತ್ತೀರಿ. 349 ಸಿಸಿಯ ಕ್ಲಾಸಿಕ್ 350 ತೂಗುವುದು 195 ಕೆಜಿ. ಅಂದರೆ ಸ್ಪ್ಲೆಂಡರ್ ಮೇಲೆ ಹೆಚ್ಚುಕಮ್ಮಿ ಎರಡು ಯೂರಿಯಾ ಚೀಲ ಹೇರಿಕೊಂಡು ಕೆಸರಿನಲ್ಲಿ ತಳ್ಳಿದಂತೆ.

ಹೆದ್ದಾರಿ ಓಡಾಟ ಹೆಚ್ಚಿದ್ದರೆ 125 ಸಿಸಿ ನೋಡಿ. ಇಬ್ಬರು ಕೂತ 100 ಸಿಸಿ ಗಾಡಿ 60ರ ವೇಗದಲ್ಲಿರುವಾಗ ಅದರ ಬಳಿ ಉಳಿಯುವ ಶಕ್ತಿ ಕಡಿಮೆ. ಭತ್ತದ ಲಾರಿಯನ್ನು ದಾಟಲು ಹೊರಟರೆ ಎದುರು ಬದಿಯಲ್ಲಿ ಬಹಳ ಹೊತ್ತು ಇರಬೇಕಾಗುತ್ತದೆ. 125ರ ಗಾಡಿಗಳು ಸಾಮಾನ್ಯವಾಗಿ 11 ಪಿಎಸ್ ಆಸುಪಾಸು ಕೊಡುತ್ತವೆ, ಈ ದಾಟುವಿಕೆ ಸುಲಭವಾಗುತ್ತದೆ. ಕಲಿಯುವವರು ಮೊದಲ ವರ್ಷ 150 ದಾಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆಕ್ಸಲರೇಟರ್ ತಪ್ಪಿ ತಿರುವಿದರೂ ಸಣ್ಣ ಎಂಜಿನ್ ಸಾವರಿಸಿಕೊಳ್ಳಲು ಸಮಯ ಕೊಡುತ್ತದೆ.

ಒಂದು ಮಾತು 150ರ ಪರವಾಗಿಯೂ ಇದೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಜೋರಾಗಿ ಬ್ರೇಕ್ ಹಿಡಿದಾಗ ಅದು ಗಾಲಿ ಲಾಕ್ ಆಗಿ ಜಾರುವುದನ್ನು ತಡೆಯುತ್ತದೆ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕತ್ತಲಲ್ಲಿ ಥಟ್ಟನೆ ಎದುರಾಗುವ ರಸ್ತೆಗಳಿವು. ರಾತ್ರಿ ಪಾಳಿಯವರು ಇದನ್ನು ಯೋಚಿಸಲೇಬೇಕು.

ಹಂತ 4: ಮೈಗೆ ಹೊಂದುತ್ತದೆಯೇ ನೋಡಿ
ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು. ಎಂಜಿನ್ ಬಂದ್ ಇಟ್ಟು, ಡಬಲ್ ಸ್ಟ್ಯಾಂಡ್ ಹಾಕಿ ತೆಗೆಯಿರಿ. ಹಿಂದಕ್ಕೂ ಮುಂದಕ್ಕೂ ತಳ್ಳಿ ತಿರುಗಿಸಿ. ಇಷ್ಟರಲ್ಲೇ ಏದುಸಿರು ಬಂದರೆ ಒಂದು ಗುಂಪು ಕೆಳಗಿಳಿಯಿರಿ.

ಹಂತ 5: ಇಬ್ಬರು ಕೂತು ಓಡಿಸಿ
ಗೇರ್ ಇರುವ ಬೈಕಿನ ಲೈಸೆನ್ಸ್‌ಗೆ 18 ತುಂಬಿರಬೇಕು. ಎಲ್‌ಎಲ್ (ಕಲಿಕಾ ಲೈಸೆನ್ಸ್) ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸ್ ಪರೀಕ್ಷೆಗೆ ಹೋಗಬಹುದು. ಎಲ್‌ಎಲ್ ಇದ್ದಾಗ ಕಲಿಸುವ ಲೈಸೆನ್ಸ್‌ದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂಡಿಸಿಕೊಳ್ಳುವಂತಿಲ್ಲ. ಆದ್ದರಿಂದ ಲೈಸೆನ್ಸ್ ಇರುವ ಅಣ್ಣನನ್ನೋ ಮಾವನನ್ನೋ ಕರೆದುಕೊಂಡೇ ಹೋಗಿ. ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಇರಲಿ. ಸಂದಣಿಯಿಲ್ಲದ ನೇರ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 40ರಿಂದ 60ಕ್ಕೆ ಏರಿಸಿ ನೋಡಿ. ಆರಾಮಾಗಿ ಏರಿದರೆ ಆ ಸಿಸಿ ನಿಮಗೆ ಸಾಕು.

ಹಂತ 6: ಖರ್ಚು ಕೂಡಿಸಿ
ಸೆಪ್ಟೆಂಬರ್ 22, 2025ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿಯಿತು, ಮೀರಿದವಕ್ಕೆ ಶೇ. 40. ಥರ್ಡ್ ಪಾರ್ಟಿ ವಿಮೆಯಲ್ಲಿ ಮೆಟ್ಟಿಲು ಬರುವುದು 150ರಲ್ಲಿ. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿವರೆಗೆ ವರ್ಷಕ್ಕೆ 714 ರೂಪಾಯಿ, ಅದನ್ನು ದಾಟಿ 350ವರೆಗೆ 1,366. ಹೊಸ ಗಾಡಿಗೆ ಐದು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಶೋರೂಂ ದರವನ್ನಷ್ಟೇ ಕೇಳಿ ಮರಳಬೇಡಿ. ರಸ್ತೆ ತೆರಿಗೆ, ವಿಮೆ, ಕೆಎ-36 ನೋಂದಣಿ ಸೇರಿದ ಆನ್‌ರೋಡ್ ದರವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ, ಆಮೇಲೆ ಮುಂಗಡ ಕೊಡಿ.