ಸ್ನಾನಚೂರ್ಣವೂ ಚರ್ಮರಕ್ಷಣೆಯೂ

ಮಾನವದೇಹದ ಅವಯವಗಳಲ್ಲಿ ಅತ್ಯಂತ ವಿಶಾಲವಾದವುಗಳಲ್ಲಿ ಚರ್ಮವೂ ಒಂದು. ಬೆಳೆದ ವ್ಯಕ್ತಿಯಲ್ಲಿ ಇದರ ವಿಸ್ತಾರವು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರು. ರೋಗಾಣುಗಳನ್ನು ತಡೆಯುವುದು, ಒಳಗಿನ ನೀರು ಆರಿಹೋಗದಂತೆ ಕಾಯುವುದು, ಬೆವರಿನ ಮೂಲಕ ಮೈಯ ಶಾಖವನ್ನು ಹದದಲ್ಲಿರಿಸುವುದು, ಇವೆಲ್ಲ ಅದರ ಕಾರ್ಯಗಳು. ಅದನ್ನು ಶುಚಿಯಾಗಿಡಲು ಅಡಿಗೆಮನೆಯ ಪದಾರ್ಥಗಳು ಹೇಗೆ ಮತ್ತು ಎಷ್ಟರಮಟ್ಟಿಗೆ ನೆರವಾಗುತ್ತವೆಂಬುದನ್ನು ಇಲ್ಲಿ ವಿಚಾರಿಸೋಣ.

ಚರ್ಮದೊಳಗಿನ ಗ್ರಂಥಿಗಳಿಂದ ಸದಾ ಒಂದು ಬಗೆಯ ಜಿಡ್ಡು ಒಸರುತ್ತಿರುತ್ತದೆ. ಅದು ಚರ್ಮವನ್ನು ಮೆದುವಾಗಿಡುತ್ತದೆ. ಆದರೆ ಧೂಳನ್ನೂ ಹಿಡಿದುಕೊಳ್ಳುತ್ತದೆ. ಬರಿಯ ನೀರಿಗೆ ಈ ಜಿಡ್ಡು ಬಿಡದು. ಸಾಬೂನು ಅದನ್ನು ಬಿಡಿಸಬಲ್ಲುದು. ಆದರೆ ಸಾಮಾನ್ಯ ಸಾಬೂನು ಕ್ಷಾರಗುಣದ್ದು. ಆರೋಗ್ಯವಂತ ಚರ್ಮದ ಮೇಲ್ಮೈಯಾದರೋ ತುಸು ಆಮ್ಲಗುಣದ್ದು. ಆದುದರಿಂದ ಪದೇ ಪದೇ ಸಾಬೂನು ಹಚ್ಚುವವರಲ್ಲಿ ಕೆಲವರ ಚರ್ಮ ಒಣಗಿ ಬಿರಿಯುವುದುಂಟು. ಹಿಟ್ಟಿನ ರೀತಿ ಬೇರೆ. ಅದರ ನುಣ್ಣನೆಯ ಕಣಗಳು ಜಿಡ್ಡನ್ನು ಹೀರಿಕೊಂಡು, ಉಜ್ಜಿದಾಗ ಕೊಳೆಯೊಡನೆ ಜಾರಿಹೋಗುತ್ತವೆ. ಸೀಗೆಕಾಯಿ, ಅಂಟುವಾಳಗಳಲ್ಲಿಯಾದರೆ ಸ್ಯಾಪೊನಿನ್ ಎಂಬ ದ್ರವ್ಯವಿದೆ. ಅವುಗಳ ನೊರೆಗೆ ಅದೇ ಕಾರಣ.

ನರಕ ಚತುರ್ದಶಿಯಂದು ಎಣ್ಣೆ ಹಚ್ಚಿ ಮೀಯುವ ರೂಢಿ ನಮ್ಮ ಊರುಗಳಲ್ಲಿಯೂ ನಾವು ನೆಲಸಿರುವ ಈ ಮುಂಬಯಿಯಲ್ಲಿಯೂ ಉಂಟು. ನಮ್ಮವರು ಸೀಗೆಪುಡಿ, ಕಡಲೆಹಿಟ್ಟುಗಳನ್ನು ಬಳಸಿದರೆ, ಮರಾಠಿ ನೆರೆಯವರು ‘ಉಟಣೆ’ ಎಂಬ ಪರಿಮಳದ ಪುಡಿಯನ್ನು ಬಳಸುತ್ತಾರೆ. ಹೆಸರು ಬೇರೆಯಾದರೂ ತತ್ತ್ವ ಒಂದೇ.

ಚೂರ್ಣವನ್ನು ಮಾಡುವ ಕ್ರಮ: ಹೆಸರುಕಾಳು 200 ಗ್ರಾಂ, ಕಡಲೆಬೇಳೆ 200 ಗ್ರಾಂ, ನೆರಳಿನಲ್ಲಿ ಒಣಗಿಸಿದ ಗುಲಾಬಿ ದಳ ಒಂದು ಹಿಡಿ, ಅರಿಶಿನ ಒಂದು ಚಮಚ. ಕಾಳು, ಬೇಳೆಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಎಲ್ಲವನ್ನೂ ಬೀಸಿ, ತೆಳುವಾದ ಬಟ್ಟೆಯಲ್ಲಿ ವಸ್ತ್ರಗಾಲಿತ ಮಾಡಬೇಕು. ತರಿ ಉಳಿದರೆ ಚರ್ಮ ಗೀರುತ್ತದೆ. ಪುಡಿಯನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಣ ಚಮಚದಿಂದಲೇ ತೆಗೆಯಬೇಕು. ಮಳೆಗಾಲದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಏಕೆಂದರೆ ಬೂಷ್ಟು ಬೆಳೆಯಲು ತೇವ ಬೇಕು. ಅಂದಂದಿಗೆ ಬೇಕಾದಷ್ಟನ್ನು ಮಾತ್ರ ನೀರಿನಲ್ಲಿ ಕಲಸಿ, ಉಳಿದ ಕಲಸನ್ನು ಚೆಲ್ಲಬೇಕು.

ತುಟಿ, ಹಿಮ್ಮಡಿಗಳು ಒಡೆದರೆ ಮೇಣದ ಲೇಪ ಒಳ್ಳೆಯದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವುದರಿಂದ ಮುಂಬಯಿಯಲ್ಲಿ ವರ್ಷದ ಬಹುಕಾಲ ದ್ರವವಾಗಿರುತ್ತದೆ. ಜೇನುಮೇಣ ಕರಗಲು 60 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. 40 ಗ್ರಾಂ ಎಣ್ಣೆಗೆ 10 ಗ್ರಾಂ ಮೇಣ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟ ಬಟ್ಟಲಲ್ಲಿ ಕರಗಿಸಿ ಆರಿಸಿದರೆ ಬೆರಳಿಗೆ ಹದವಾಗಿ ಬರುವ ಲೇಪ ಸಿದ್ಧ. ಒಲೆಯ ಕೆಲಸವನ್ನು ಹಿರಿಯರೇ ಮಾಡಲಿ.

ಮನೆಯಲ್ಲಿ ಮಾಡಿದ್ದೆಲ್ಲ ನಿರಪಾಯವೆಂದು ತಿಳಿಯಬಾರದು. ಮೊದಲು ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಬೇಕು. ತುರಿಕೆ ಬಂದರೆ ಬಿಟ್ಟುಬಿಡಬೇಕು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆಯೇಳಬಹುದು. ಹುಣ್ಣು, ಕಜ್ಜಿಗಳಿಗೆ ವೈದ್ಯರೇ ಗತಿ.

ಇನ್ನೊಂದು ಮಾತು ಮುಖ್ಯವಾದುದು. ತಾವು ಕಪ್ಪೆಂದು ಕೊರಗುವ ವಿದ್ಯಾರ್ಥಿನಿಯರನ್ನು ನಾವು ತರಗತಿಗಳಲ್ಲಿ ಕಂಡಿದ್ದೇವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ಬಿಸಿಲಿನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಯುತ್ತದೆ. ಅದು ನಮ್ಮ ಮೈಯ ಸ್ವಂತ ಕೊಡೆ. ತೊಳೆದು ತೆಗೆಯಬೇಕಾದ ಕೊಳೆಯಲ್ಲ. ಯಾವ ಹಿಟ್ಟೂ ಅದನ್ನು ಬದಲಿಸದು. ಬೇಗನೆ ಬಿಳುಪು ತರುತ್ತೇವೆಂದು ಮಾರುವ ಕೆಲವು ಲೇಪಗಳಲ್ಲಿ ಪಾದರಸ ಸೇರಿರುವುದುಂಟು. ಅದು ಮೆಲನಿನ್ ಉತ್ಪತ್ತಿಯನ್ನು ತಡೆಯುತ್ತದೆ. ಜೊತೆಗೆ ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಪದಾರ್ಥಗಳ ಹೆಸರಿಲ್ಲದ ಅಂಥ ಡಬ್ಬಿಗಳನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಬೇಸಗೆಯ ರಜೆಯಲ್ಲಿ ವಿದ್ಯಾರ್ಥಿಗಳು ಮನೆಯ ಹಿರಿಯರೊಡನೆ ಈ ಚೂರ್ಣವನ್ನು ತಯಾರಿಸಲಿ. ಡಬ್ಬಿಯ ಮೇಲೆ ಪದಾರ್ಥಗಳ ಹೆಸರನ್ನೂ ತೂಕವನ್ನೂ ತಯಾರಿಸಿದ ದಿನಾಂಕವನ್ನೂ ಕನ್ನಡದಲ್ಲಿ ಸ್ಫುಟವಾಗಿ ಬರೆದು ಅಂಟಿಸಲಿ. ಮೈಗೆ ಹಚ್ಚುವುದರಲ್ಲಿ ಏನಿದೆಯೆಂದು ತಿಳಿದು ಹಚ್ಚುವ ಅಭ್ಯಾಸಕ್ಕೆ ಅದೇ ಮೊದಲ ಪಾಠವಾಗಲಿ.